ಮದರ್‌ಬೋರ್ಡ್ ಬದಲಾಯ್ತು, ಫಾರ್ಮ್ಯಾಟ್ ಮಾತ್ರ ಹೊಡೆಯಲಿಲ್ಲ

ತುಮಕೂರಿನ ಮಂಡಿಪೇಟೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಇಷ್ಟೇ ನಮ್ಮ ಪ್ರಪಂಚ. ಮದುವೆ ಸೀಸನ್ ನಡುವೆ ಒಂದು ಸಂಜೆ ಕರೆಂಟ್ ಹೋಗಿ ಬಂತು, ಕಂಪ್ಯೂಟರ್ ಬರಲಿಲ್ಲ. ಮುಚ್ಚಳ ತೆಗೆದರೆ ಸುಟ್ಟ ವಾಸನೆ. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕದ ಒಂದು ಮಾಸ್‌ಫೆಟ್ (ಕರೆಂಟನ್ನು ಹತೋಟಿಯಲ್ಲಿಡುವ ಪುಟ್ಟ ಬಿಡಿಭಾಗ) ಕಪ್ಪಗಾಗಿತ್ತು.

ಮೊದಲು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ ನೋಡಿದೆ. ಅದೇ ಕೆಟ್ಟಿದ್ದರೆ ಹೊಸ ಬೋರ್ಡನ್ನೂ ತಿಂದುಹಾಕುತ್ತದೆ. ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ಸೇರಿಸಿದಾಗ ಫ್ಯಾನ್ ತಿರುಗಿತು, ಹಳದಿಯಲ್ಲಿ ಮೀಟರು 12 ವೋಲ್ಟಿನ ಆಸುಪಾಸು ತೋರಿಸಿತು. ಅದು 11.4ರಿಂದ 12.6ರೊಳಗೆ ಇದ್ದರೆ ಸರಿ.

ನನ್ನದು ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರು, ಅದಕ್ಕೆ ಹೊಂದುವ ಎಚ್81 ಮಾದರಿಯ ಬೋರ್ಡು. ಈಗ ಅದು ಹಳೆಯ ಮಾದರಿ. ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಎಚ್81 ಹುಡುಕಿದೆ. ಪ್ರೊಸೆಸರು, ರ್‍ಯಾಮು ಎರಡನ್ನೂ ಜೊತೆಗೇ ಒಯ್ದಿದ್ದೆ. ಅಂಗಡಿಯವನು ಮೇಜಿನ ಮೇಲೆ ಕೂಡಿಸಿ ಡಿಸ್‌ಪ್ಲೇ ತೋರಿಸಿಯೇ ದುಡ್ಡು ತಗೊಂಡ.

ಅಲ್ಲಿ ಓಡಿದ್ದು ಇಲ್ಲಿ ಓಡಲಿಲ್ಲ. ಫ್ಯಾನ್ ಅರೆಕ್ಷಣ ತಿರುಗಿ ನಿಲ್ಲುತ್ತಿತ್ತು. ಪ್ರೊಸೆಸರಿಗೆ ಹೋಗುವ ನಾಲ್ಕು ಪಿನ್ನಿನ ಕನೆಕ್ಟರ್ ಮರೆತೆನೇನೋ ಎಂದು ನೋಡಿದರೆ ಹಾಕಿಯೇ ಇತ್ತು. ರ್‍ಯಾಮಿನ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜಿದ್ದೂ ಆಯ್ತು. ಆಮೇಲೆ ತಲೆಗೆ ಹೊಳೆಯಿತು: ಎಸ್‌ಪಿ ರೋಡಿನ ಮೇಜಿಗೂ ನನ್ನ ಮೇಜಿಗೂ ಇರುವ ವ್ಯತ್ಯಾಸ ಈ ಕ್ಯಾಬಿನೆಟ್ ಒಂದೇ. ಬೋರ್ಡ್ ಬಿಚ್ಚಿ ರಟ್ಟಿನ ಮೇಲಿಟ್ಟು ಆನ್ ಮಾಡಿದೆ, ಬಂತು! ಹಳೆಯ ಬೋರ್ಡ್ ಅಗಲವಾಗಿತ್ತು, ಇದು ಕಿರಿದು. ಹಳೆಯದಕ್ಕೆಂದು ಹಾಕಿದ್ದ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ) ಒಂದು ಹಾಗೇ ಉಳಿದು, ತೂತಿಲ್ಲದ ಜಾಗದಲ್ಲಿ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಮಾಡುತ್ತಿತ್ತು. ಇಕ್ಕಳದಲ್ಲಿ ತಿರುಗಿಸಿ ತೆಗೆದೆ. ಬೋರ್ಡ್ ಸುಡದೆ ಉಳಿದದ್ದು ನನ್ನ ಪುಣ್ಯ.

ಈಗ ಡಿಸ್‌ಪ್ಲೇ ಬಂತು, ವಿಂಡೋಸ್ ಬರಲಿಲ್ಲ. ಕಪ್ಪು ಪರದೆಯಲ್ಲಿ ಸರಿಯಾದ ಬೂಟ್ ಡಿವೈಸ್ ಆರಿಸಿ ಎಂಬ ಸಾಲು. ಪರಿಚಯದ ಸರ್ವೀಸ್ ಹುಡುಗನಿಗೆ ಫೋನ್ ಮಾಡಿದೆ.

"ಬೋರ್ಡ್ ಚೇಂಜ್ ಆದ್ಮೇಲೆ ಹಳೇ ವಿಂಡೋಸ್ ಬರಲ್ಲ ಸಾರ್. ಫಾರ್ಮ್ಯಾಟ್ ಹೊಡೆದ್‌ಬಿಡಿ, ಅರ್ಧ ಗಂಟೆ ಕೆಲಸ."

ಅವನಿಗೆ ಅರ್ಧ ಗಂಟೆ. ನನಗೆ ನುಡಿ, ಪೇಜ್‌ಮೇಕರ್, ಹಳೆಯ ಫಾಂಟುಗಳು, ಪ್ರಿಂಟರಿನ ಅಳತೆಗಳು ಎಲ್ಲ ಮತ್ತೆ ಕೂಡಿಸಲು ಒಂದು ವಾರ. ಫಾಂಟ್ ಒಂದು ತಪ್ಪಿದರೆ ಹತ್ತು ವರ್ಷದ ಫೈಲುಗಳಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ. ಅಷ್ಟಕ್ಕೂ ಸುಟ್ಟಿದ್ದು ಬೋರ್ಡು. ಡಿಸ್ಕಿಗೆ ಏನಾಗಿದೆ?

ಡಿಲೀಟ್ ಕೀ ಒತ್ತಿ ಬಯಾಸ್ (ವಿಂಡೋಸಿಗಿಂತ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್ ಪರದೆ) ಹೊಕ್ಕೆ. ಈ ಬೋರ್ಡಿನ ಹಿಂದಿನ ಯಜಮಾನ ಬೂಟ್ ಮೋಡನ್ನು ಯುಇಎಫ್‌ಐ ಎಂಬ ಹೊಸ ವಿಧಾನಕ್ಕೆ ಮಾತ್ರ ಕಟ್ಟಿಟ್ಟಿದ್ದ. ನನ್ನ ಡಿಸ್ಕುಗಳು ಹಳೆಯ ಎಂಬಿಆರ್ ಪದ್ಧತಿಯವು, ಅವಕ್ಕೆ ಲೆಗಸಿ, ಅಂದರೆ ಹಳೆಯ ಬೂಟ್ ವಿಧಾನ ಬೇಕು. ಅದಕ್ಕೆ ಅವಕಾಶ ಕೊಡುವ ಸಿಎಸ್‌ಎಂ ಆನ್ ಮಾಡಿ ಎಸ್‌ಎಸ್‌ಡಿಯನ್ನು ಮೊದಲಿಗಿಟ್ಟೆ. ಆಗಲೂ ಅದೇ ಸಾಲು. ಸುಮ್ಮನೆ ನೋಡೋಣ ಎಂದು ಹಳೆಯ ಹಾರ್ಡ್ ಡಿಸ್ಕನ್ನು ಮೇಲಕ್ಕೆ ತಂದರೆ ವಿಂಡೋಸ್ ಲೋಗೋ! 2015ರಲ್ಲಿ ಎಸ್‌ಎಸ್‌ಡಿ ಹಾಕಿಸಿದಾಗ ಹಾರ್ಡ್ ಡಿಸ್ಕ್ ಬಿಚ್ಚದೆ ವಿಂಡೋಸ್ 7 ತುಂಬಿದ್ದರು, ಮರುವರ್ಷ ಅದೇ 10ಕ್ಕೆ ಏರಿತು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಕೂತಿತ್ತು, ಅದನ್ನು ಎಬ್ಬಿಸುವ ಪುಟ್ಟ ಸಿಸ್ಟಂ ರಿಸರ್ವ್ಡ್ ಭಾಗ ಮಾತ್ರ ಹಾರ್ಡ್ ಡಿಸ್ಕಿಗೆ ಹೋಗಿ ಸೇರಿತ್ತು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಲೋಗೋ ಬಂದ ಖುಷಿ ಹತ್ತು ಸೆಕೆಂಡು. ನೀಲಿ ಪರದೆ, ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್. ವಿಂಡೋಸ್ ಅರ್ಧ ದಾರಿಗೆ ಬಂದು ತನ್ನ ಡಿಸ್ಕನ್ನೇ ಕಳೆದುಕೊಂಡಿದೆ ಎಂದರ್ಥ. ಡಿಸ್ಕ್ ಮಾತಾಡಿಸುವ ಡ್ರೈವರ್ ತಾಳೆಯಾಗದಿದ್ದರೆ ಹೀಗಾಗುತ್ತದೆ.

ಇಲ್ಲಿ ನನ್ನನ್ನು ಉಳಿಸಿದ್ದು ಅಂಗಡಿಯ ಎರಡನೇ ಕಂಪ್ಯೂಟರ್. ಎರಡನ್ನೂ ಒಬ್ಬನೇ, ಒಂದೇ ವಾರ ಜೋಡಿಸಿದ್ದು. ಅದರ ಬಯಾಸ್ ತೆರೆದು ನೋಡಿದೆ. ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಹಳೆಯ ಐಡಿಇ ಅಂತಿತ್ತು. ಸುಟ್ಟ ಬೋರ್ಡಿನಲ್ಲೂ ಅದೇ ಇದ್ದಿರಬೇಕು. ಹೊಸ ಬೋರ್ಡಿನಲ್ಲಿ ಅದಕ್ಕಿಂತ ಈಚಿನ ಎಎಚ್‌ಸಿಐ. ವಿಂಡೋಸ್ 10 ತನಗೆ ಬೇಡದ ಡಿಸ್ಕ್ ಡ್ರೈವರನ್ನು ಬೂಟ್ ಹೊತ್ತಿನಲ್ಲಿ ಎಬ್ಬಿಸದೆ ಮಲಗಿಸಿಟ್ಟಿರುತ್ತದೆ. ಹೊಸ ಬೋರ್ಡಿನಲ್ಲೂ ಐಡಿಇ ಮಾಡಿದೆ. ಡೆಸ್ಕ್‌ಟಾಪ್ ಬಂತು. ಗಣಪತಿ ಚಿತ್ರಗಳ ಫೋಲ್ಡರ್ ಇಟ್ಟ ಜಾಗದಲ್ಲೇ ಇತ್ತು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಎಸ್‌ಎಸ್‌ಡಿಗೆ ಎಎಚ್‌ಸಿಐ ಒಳ್ಳೆಯದು, ಹೇಗೂ ಕೈ ಮಸಿಯಾಗಿದೆ ಎಂದು ಮುಂದುವರಿದೆ. ಮೊದಲು ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ವಿಂಡೋಸಿನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗಿನಲ್ಲಿ ಸೇಫ್ ಬೂಟಿಗೆ (ಅಗತ್ಯದ ಡ್ರೈವರುಗಳಷ್ಟರಿಂದ ಏಳುವುದಕ್ಕೆ) ಟಿಕ್ ಹಾಕಿ, ರೀಸ್ಟಾರ್ಟ್ ಆಗುವಾಗಲೇ ಬಯಾಸಿಗೆ ನುಗ್ಗಿ ಎಎಚ್‌ಸಿಐ ಮಾಡಿದೆ. ಸೇಫ್ ಮೋಡಿನಲ್ಲಿ ಎದ್ದ ವಿಂಡೋಸ್ ಆ ಡ್ರೈವರನ್ನು ತಾನೇ ಎಬ್ಬಿಸಿಕೊಂಡಿತು. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದೆ, ನೀಲಿ ಪರದೆ ಬರಲಿಲ್ಲ.

ಉಳಿದದ್ದು ಚಿಲ್ಲರೆ. ಗಡಿಯಾರ ದಿನಾ ಹಿಂದಕ್ಕೆ ಓಡುತ್ತಿತ್ತು, ಬೋರ್ಡಿನ ಸಿಆರ್2032 ಸೆಲ್ ಬದಲಿಸಿದೆ. ವಿಂಡೋಸ್ ಆ್ಯಕ್ಟಿವೇಶನ್ ಹೋಗಿತ್ತು, ಏಕೆಂದರೆ ಡಿಜಿಟಲ್ ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತದೆ. ನಾನು ಬಿಡಿಯಾಗಿ ಕೊಂಡ ವಿಂಡೋಸ್ 7ರಿಂದ 2016ರಲ್ಲಿ ಉಚಿತವಾಗಿ 10ಕ್ಕೆ ಏರಿದವನು, ಅದನ್ನು ಮೈಕ್ರೋಸಾಫ್ಟ್ ಖಾತೆಗೂ ಜೋಡಿಸಿದ್ದೆ. ಟ್ರಬಲ್‌ಶೂಟ್‌ನಲ್ಲಿ ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬುದನ್ನು ಒತ್ತಿ ಲಾಗಿನ್ ಆದಾಗ ಮರಳಿ ಬಂತು. ಕಂಪನಿಯೇ ವಿಂಡೋಸ್ ತುಂಬಿ ಕೊಟ್ಟ ಕಂಪ್ಯೂಟರಾದರೆ ಆ ಲೈಸೆನ್ಸ್ ಬೇರೆ ಬೋರ್ಡಿಗೆ ಬರುವುದಿಲ್ಲ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಇರುವ ಲ್ಯಾಪ್‌ಟಾಪ್ ಬಿಚ್ಚಿಸುವವರಂತೂ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು. ಬೋರ್ಡ್ ಬದಲಾದರೆ ಅದನ್ನು ಕೇಳಿಯೇ ಕೇಳುತ್ತದೆ.

ಬೂಟ್ ಭಾಗವನ್ನು ಎಸ್‌ಎಸ್‌ಡಿಗೆ ಸಾಗಿಸುವ ಕೆಲಸ ಇನ್ನೂ ಮಾಡಿಲ್ಲ. ಸೀಸನ್ ಮುಗಿಯಲಿ. ಅಲ್ಲಿಯವರೆಗೆ ಅಂಗಡಿ ಹುಡುಗನಿಗಾಗಿ ಕ್ಯಾಬಿನೆಟ್ ಮೇಲೆ ನುಡಿ ಅಕ್ಷರದಲ್ಲೇ ಒಂದು ಚೀಟಿ ಪ್ರಿಂಟ್ ಹಾಕಿ ಅಂಟಿಸಿದ್ದೇನೆ: "ಹಳೇ ಹಾರ್ಡ್ ಡಿಸ್ಕ್ ಬಿಚ್ಚಬೇಡ ಮಾರಾಯ."