ಚಂದ್ರಶಿಲೆ ಹತ್ತುವ ದಿನ: ಐದೇ ಕಿಲೋಮೀಟರ್ ಎಂದು ಓಡಬೇಡಿ

ಉತ್ತರಾಖಂಡದ ಚೋಪ್ತಾದಿಂದ ಚಂದ್ರಶಿಲೆ ಶಿಖರದ ನೆತ್ತಿಗೆ ದೂರ ಸುಮಾರು 5 ಕಿ.ಮೀ. ಅಷ್ಟೇ. ತುಂಗನಾಥ ದೇವಸ್ಥಾನದವರೆಗೆ ಕಲ್ಲು ಹಾಸಿದ ದಾರಿ, ವಯಸ್ಸಾದವರೂ ಹೋಗಿಬರುತ್ತಾರೆ. ‘ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೇನು ಮಹಾ’ ಅನ್ನಿಸುವುದು ಸಹಜ. ಆದರೆ ಕರ್ನಾಟಕದ ಆ ಅತ್ಯುನ್ನತ ಶಿಖರ ಇರುವುದು 1,930 ಮೀಟರ್ ಎತ್ತರದಲ್ಲಿ. ಚೋಪ್ತಾದ ರಸ್ತೆಯೇ ಹೆಚ್ಚುಕಡಿಮೆ 2,700 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತುಂಗನಾಥಕ್ಕೆ ಸುಮಾರು 3,680, ಚಂದ್ರಶಿಲೆಗೆ ಸುಮಾರು 4,000 ಮೀಟರ್. ನೆತ್ತಿಯ ಮೇಲೆ ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 60ರಷ್ಟು.

ಹಿಂದಿನ ಎರಡು ರಾತ್ರಿ

ಬೆಳಿಗ್ಗೆ ಋಷಿಕೇಶದಿಂದ ಹೊರಟು, ಸಂಜೆ ಚೋಪ್ತಾ ಮುಟ್ಟಿ, ನಡುರಾತ್ರಿ ಎದ್ದು ಹತ್ತುವುದು ಎಲ್ಲಕ್ಕಿಂತ ಕೆಟ್ಟ ಯೋಜನೆ. ಒಂದು ರಾತ್ರಿ ಸುಮಾರು 1,300 ಮೀಟರ್ ಎತ್ತರದ ಊಖೀಮಠದಲ್ಲಿ, ಇನ್ನೊಂದು ರಾತ್ರಿ ಚೋಪ್ತಾದಲ್ಲಿ ಮಲಗಿ. ನಗದನ್ನು ಊಖೀಮಠದಲ್ಲೇ ತೆಗೆದಿಟ್ಟುಕೊಳ್ಳಿ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ; ನಿದ್ದೆಯಲ್ಲಿ ಉಸಿರಾಟದ ವೇಗ ತಗ್ಗಿಸುತ್ತವೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಊರಲ್ಲೇ ವೈದ್ಯರ ಬಳಿ ಕೇಳಿಕೊಂಡು ಬನ್ನಿ. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಆ ಮಾತ್ರೆ ತಿಂದವರಿಗೆ ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಮಾಮೂಲು.

ಚೀಲದಲ್ಲಿ ಏನಿರಬೇಕು?

ತಲಾ 2 ಲೀಟರ್ ನೀರು, ಒಂದು ಪೊಟ್ಟಣ ಓಆರ್‌ಎಸ್, ಶೇಂಗಾ ಚಿಕ್ಕಿ, ಖರ್ಜೂರ, ಚಪಾತಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಹಾಗಾಗಿ ನಾಲಿಗೆಗೆ ಒಗ್ಗಿದ ತಿಂಡಿಯೇ ಇರಲಿ. ಮೈಗೆ ಅಂಟಿದಂತೆ ಬೆವರು ಬೇಗ ಆರುವ ಬನಿಯನ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ–ಮಳೆ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಬೇಡ. ಬೆವರಿನಲ್ಲಿ ತೊಯ್ದ ಹತ್ತಿ ಬೇಗ ಒಣಗುವುದಿಲ್ಲ. ಮೇಲೆ ನಿಂತು ಗಾಳಿಗೆ ಒಡ್ಡಿಕೊಂಡ ಐದೇ ನಿಮಿಷಕ್ಕೆ ಹಲ್ಲು ಕಟಕಟ ಎನ್ನುತ್ತವೆ. ಪ್ರತಿ 1,000 ಮೀಟರ್ ಏರಿಕೆಗೆ ಸುಮಾರು 6.5 ಡಿಗ್ರಿ ತಾಪ ಇಳಿಯುವುದರಿಂದ ಚೋಪ್ತಾಕ್ಕಿಂತ ನೆತ್ತಿ 8 ಡಿಗ್ರಿ ತಂಪು. ಗಾಳಿಯ ಚಳಿ ಇದರ ಮೇಲೆ. ಮೊಬೈಲನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಹಿಮವಿರುವ ತಿಂಗಳಲ್ಲಿ ಬೂಟಿಗೆ ಕಟ್ಟುವ ಮುಳ್ಳುಗಳೂ ಕಪ್ಪು ಕನ್ನಡಕವೂ ಕಡ್ಡಾಯ.

ನಡಿಗೆ

ಎಲ್ಲರೂ ಸೂರ್ಯೋದಯ ನೋಡಲು ರಾತ್ರಿ ಎರಡು–ಮೂರಕ್ಕೆ ಹೊರಡುತ್ತಾರೆ. ಮೊದಲ ಸಲ ಬಂದವರಿಗೆ ಅದು ಬೇಡ ಎಂಬುದು ನಮ್ಮ ಸಲಹೆ. ನಿದ್ದೆಗೆಟ್ಟು, ಕತ್ತಲಲ್ಲಿ, ಗಡಿಯಾರದ ಜೊತೆ ಪೈಪೋಟಿಗೆ ಬಿದ್ದು ಓಡಿದವರೇ ತುಂಗನಾಥದ ಮೆಟ್ಟಿಲ ಮೇಲೆ ತಲೆ ಹಿಡಿದು ಕೂರುತ್ತಾರೆ. ಬೆಳಿಗ್ಗೆ 5ಕ್ಕೆ ಹೊರಟರೆ 9–9.30ಕ್ಕೆ ಮೇಲಿರಬಹುದು, ಆಕಾಶ ತಿಳಿಯಾಗಿದ್ದರೆ ಚೌಖಂಬಾ ಶಿಖರ ಆಗಲೂ ಅಲ್ಲೇ ಇರುತ್ತದೆ.

ಇಡೀ ದಿನದ ಹಣೆಬರಹ ಬರೆಯುವುದು ಮೊದಲ ಅರ್ಧ ಗಂಟೆ. ದಾರಿ ಚೆನ್ನಾಗಿದೆ, ಕಾಲಲ್ಲಿ ಕಸುವಿದೆ, ದೇಹಕ್ಕೆ ಎತ್ತರ ಇನ್ನೂ ಗೊತ್ತಾಗಿಲ್ಲ. ಅಲ್ಲೇ ಎಡವಟ್ಟಾಗುವುದು. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದೆಯೇ ನೋಡಿಕೊಳ್ಳಿ. ಮಧ್ಯೆ ಉಸಿರು ಕಡಿದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಕಡಿದಾದ ಕಡೆ ಹೆಜ್ಜೆ ಗಿಡ್ಡ ಮಾಡಿ. ಪ್ರತಿ ಹೆಜ್ಜೆಗೂ ಹಿಂದಿನ ಕಾಲಿನ ಮಂಡಿಯನ್ನು ನೇರವಾಗಿಸಿ, ಭಾರವನ್ನು ಅದರ ಮೇಲೆ ಬಿಟ್ಟು, ಕ್ಷಣಕಾಲ ನಿಂತು ಮುಂದಿನದು ಇಡಿ. ಸ್ನಾಯುವಿನ ಬದಲು ಮೂಳೆ ಭಾರ ಹೊರುತ್ತದೆ. ಓಡಿ ನಿಂತು, ಓಡಿ ನಿಂತು ಹೋಗುವವರನ್ನು ಈ ಆಮೆ ನಡಿಗೆಯವರು ದೇವಸ್ಥಾನ ಮುಟ್ಟುವುದರೊಳಗೆ ಹಿಂದೆ ಹಾಕುತ್ತಾರೆ. ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು.

ತುಂಗನಾಥದಲ್ಲಿ ಕುಳಿತು ತಿನ್ನಿ, ಜಾಕೆಟ್ ಹಾಕಿಕೊಳ್ಳಿ. ಮುಂದಿನ ಸುಮಾರು 1.5 ಕಿ.ಮೀ. ಮಣ್ಣು–ಬಂಡೆಯ ಕಡಿದಾದ ಕಾಲುದಾರಿ. ತಲೆನೋವಿನ ಜೊತೆ ವಾಕರಿಕೆಯೋ ತಲೆಸುತ್ತೋ ಬಂದವರು ಇಲ್ಲಿಂದ ಮೇಲೆ ಹೋಗಕೂಡದು. ಮಾತ್ರೆ ನುಂಗಿ ನೋವು ಮುಚ್ಚಿಕೊಂಡು ಹತ್ತುವುದು ಇನ್ನೂ ಅಪಾಯ. ಕುಳಿತಾಗಲೂ ಏದುಸಿರು, ಕೆಮ್ಮು, ಮಾತು ತೊದಲುವುದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಶ್ವಾಸಕೋಶಕ್ಕೋ ಮಿದುಳಿಗೋ ನೀರು ಇಳಿಯುತ್ತಿರಬಹುದು. ಆ ಕ್ಷಣವೇ, ಜೊತೆಗೊಬ್ಬರನ್ನು ಕೊಟ್ಟು ಕೆಳಗಿಳಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಒಬ್ಬರನ್ನೇ ಕಳಿಸಬೇಡಿ.

ಎಲ್ಲಿದ್ದರೂ 11ಕ್ಕೆ ಹಿಂತಿರುಗಿ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವುದು ಹೆಚ್ಚು. ಬೋಳು ನೆತ್ತಿಯ ಮೇಲೆ ಗುಡುಗು ಕೇಳಿಸಿತೆಂದರೆ ಅಲ್ಲಿ ನಿಮಗಿಂತ ಎತ್ತರದ್ದು ಇನ್ನೇನೂ ಇರುವುದಿಲ್ಲ.

ಇಳಿಯುವಾಗ

ಮಂಡಿ ನೋಯುವುದು, ಉಗುರು ಕಪ್ಪಾಗುವುದು ಇಳಿಯುವಾಗಲೇ. ಹೊರಡುವ ಮೊದಲು ಬೂಟಿನ ಲೇಸನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿ, ಪಾದ ಮುಂದಕ್ಕೆ ಜಾರಿ ಬೆರಳು ಗುದ್ದಬಾರದು. ಉದ್ದ ಹೊಂದಿಸಬಲ್ಲ ಚಾರಣದ ಕೋಲಿದ್ದರೆ ಅದನ್ನು ಹತ್ತುವಾಗ ಇದ್ದದ್ದಕ್ಕಿಂತ 5–10 ಸೆಂ.ಮೀ. ಉದ್ದ ಮಾಡಿ, ಹೆಜ್ಜೆಗೆ ಮುಂಚೆ ಅದನ್ನು ಊರಿ. ದಾರಿಯ ತಿರುವುಗಳನ್ನು ತಪ್ಪಿಸಿ ಹುಲ್ಲಿನ ಮೇಲೆ ಅಡ್ಡ ಇಳಿಯಬೇಡಿ. ಹುಲ್ಲು ಜಾರುತ್ತದೆ, ಒಮ್ಮೆ ಕಿತ್ತ ಮಣ್ಣು ಮುಂದಿನ ಮಳೆಗೆ ಕೊರಕಲಾಗುತ್ತದೆ. ಹೇಸರಗತ್ತೆಗಳು ಬಂದರೆ ಬೆಟ್ಟದ ಬದಿಗೆ ಸರಿದು ನಿಲ್ಲಿ, ಕಣಿವೆಯ ಬದಿಗಲ್ಲ.