ವೃದ್ಧಾಶ್ರಮದ ಒಳಾಂಗಣ: ಕೆಲಸ ಬಚ್ಚಲಿನಿಂದಲೇ ಶುರುವಾಗಲಿ

ವೃದ್ಧಾಶ್ರಮ ಕಟ್ಟಿಸುವವರು ಜಾಸ್ತಿ ದುಡ್ಡು ಹಾಕುವುದು ಮುಂದಿನ ಹಾಲ್‌ಗೆ. ಸೇರಿಸಲು ಬರುವ ಮಕ್ಕಳಿಗೆ ಅದು ಹಿಡಿಸುತ್ತದೆ, ನಿಜ. ಆದರೆ ಅಲ್ಲಿ ಬದುಕುವವರು ಹಿರಿಯರು ಅಲ್ವಾ? ಅವರಿಗೆ ಮೊದಲು ಬೇಕಾದ್ದು ನಡುರಾತ್ರಿ ಎದ್ದು, ಬೀಳದೆ ಬಚ್ಚಲಿಗೆ ಹೋಗಿಬರುವ ದಾರಿ.

ಬಚ್ಚಲಿಗೆ ಒದ್ದೆಯಾದರೂ ಜಾರದ, ತರಿತರಿಯಾದ ಟೈಲ್ಸ್ ಹಾಕಿಸಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಅಡ್ಡವಾಗಿ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲೂ ಆಗುವುದಿಲ್ಲ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂಥದ್ದೇ ಇರಲಿ. ಕಮೋಡ್ 45ರಿಂದ 48 ಸೆಂ.ಮೀ. ಎತ್ತರವಿದ್ದರೆ ಮಂಡಿನೋವಿನವರು ಸುಲಭವಾಗಿ ಏಳುತ್ತಾರೆ. ಪಕ್ಕದ ಹಿಡಿಕೆಯನ್ನು ಗೋಡೆಗೆ ಬೋಲ್ಟ್ ಹಾಕಿ ಭದ್ರ ಮಾಡಿ. ಟವೆಲ್ ರಾಡ್ ಇದೆಯಲ್ಲ ಎಂದು ಬಿಡಬೇಡಿ, ಮೈಭಾರ ಬಿದ್ದರೆ ಅದು ಕಿತ್ತು ಬರುತ್ತದೆ. ಬಿಳಿ ಗೋಡೆಗೆ ಬಿಳಿ ಹಿಡಿಕೆ ಹಾಕಿದರೆ ಮಂಜುಗಣ್ಣಿಗೆ ಕಾಣಿಸುವುದಿಲ್ಲ. ಕಡುಬಣ್ಣದ್ದು ಒಳ್ಳೆಯದು. ಸ್ನಾನಕ್ಕೆ ಅಲುಗಾಡದ ಸ್ಟೂಲು, ಕೂತಲ್ಲೇ ಕೈಗೆ ಸಿಗುವ ನಲ್ಲಿ ಇರಲಿ.

ಮುಂದಿನದು ಓಡಾಡುವ ದಾರಿ. ಕೋಣೆಗಳಿಗೆ ಹೊಸ್ತಿಲು ಬೇಡ. ಮುಂಬಾಗಿಲಿಗೆ ಬೇಕೇ ಬೇಕು ಅಂದರೆ ನೆಲಕ್ಕೆ ಸಮವಾಗಿ ಮರದ ಪಟ್ಟಿ ಕೂರಿಸಿ. ಅರಿಸಿನ ಕುಂಕುಮ ಅದಕ್ಕೇ ಹಚ್ಚಬಹುದು, ಯಾರ ಕಾಲೂ ಎಡವುವುದಿಲ್ಲ. ಬಾಗಿಲು 90 ಸೆಂ.ಮೀ. ಅಗಲವಿರಲಿ. ವೀಲ್‌ಚೇರ್ ತಿರುಗಲು ಒಂದೂವರೆ ಮೀಟರ್ ಜಾಗ ಬಿಡಿ. ಹಾಸಿಗೆಯಿಂದ ಬಚ್ಚಲಿನವರೆಗೆ ನೆಲದ ಹತ್ತಿರ ಸಣ್ಣ ದೀಪ ಉರಿಯುತ್ತಿರಲಿ, ಸ್ವಿಚ್ ಮಲಗಿದಲ್ಲೇ ಕೈಗೆಟುಕಲಿ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ತಿಳಿನೀಲಿ, ತಿಳಿಹಸಿರು ಒಂದೇ ಥರ ಕಾಣುತ್ತವೆ. ಹಾಗಾಗಿ ಗೋಡೆಗೂ ಬಾಗಿಲಿಗೂ ಎದ್ದು ಕಾಣುವಷ್ಟು ಬಣ್ಣದ ವ್ಯತ್ಯಾಸ ಬೇಕು. ಬೆಳಕೂ ಜಾಸ್ತಿ ಬೇಕು, ಆದರೆ ಕಣ್ಣು ಕುಕ್ಕಬಾರದು.

ಹೂತುಹೋಗುವ ಸೋಫಾ ಬಿಟ್ಟು, ಕೈ ಇರುವ ಗಟ್ಟಿ ಕುರ್ಚಿ ಕೊಳ್ಳಿ.

ಇನ್ನು ಕೋಣೆ. ಎಲ್ಲವನ್ನೂ ಆಸ್ಪತ್ರೆಯ ವಾರ್ಡಿನಂತೆ ಒಂದೇ ಥರ ಮಾಡಿದರೆ ಅಜ್ಜಿಗೆ ಅದು ತನ್ನದು ಅನ್ನಿಸುವುದು ಹೇಗೆ? ಅವರ ದೇವರ ಫೋಟೊ, ಹಳೆ ಟ್ರಂಕು, ಮನೆಯಿಂದ ತಂದ ಕೌದಿಗೆ ಜಾಗ ಕೊಡಿ. ಮರೆವಿನ ಕಾಯಿಲೆ ಇರುವವರ ಬಾಗಿಲಿಗೆ ಅವರ ಹರೆಯದ ಫೋಟೊ ಅಂಟಿಸಿ. ಈಗಿನ ಮುಖಕ್ಕಿಂತ ಅದನ್ನೇ ಬೇಗ ಗುರುತಿಸುವವರಿದ್ದಾರೆ. ಆ ಬಾಗಿಲ ಮುಂದೆ ಕಪ್ಪು ಮ್ಯಾಟ್ ಮಾತ್ರ ಹಾಕಬೇಡಿ. ಅದು ಗುಂಡಿಯಂತೆ ಕಂಡು, ದಾಟಲು ಹೆದರಿ ಹೊರಗೇ ನಿಂತುಬಿಡುತ್ತಾರೆ.