ಗೊತ್ತಿರುವ ಟ್ಯೂನ್ ಮುಗಿದ ಮೇಲೆ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಒಂದು ಸಣ್ಣ ಆನ್‌ಲೈನ್ ರೇಡಿಯೋದಲ್ಲಿ ಭಾನುವಾರ ರಾತ್ರಿ ನಾನು ಸ್ಮೂತ್ ಜಾಝ್ (ಹೆಚ್ಚಾಗಿ ವಾದ್ಯಗಳದ್ದೇ ಆದ ಮೆದುವಾದ ಜಾಝ್) ಕಾರ್ಯಕ್ರಮ ನಡೆಸುತ್ತೇನೆ. ಸಂಬಳ ಇಲ್ಲ, ಎಲ್ಲರೂ ಪ್ರೀತಿಯಿಂದ ಮಾಡುವ ಕೆಲಸ. ಟ್ರ್ಯಾಕ್ ಆರಿಸುವುದು, ಜೋಡಿಸುವುದು, ಮಧ್ಯೆ ಮಾತಾಡುವುದು, ಆಮೇಲೆ ಏನೇನು ಹಾಕಿದೆ ಅನ್ನುವ ಲೆಕ್ಕ ಕಳಿಸುವುದು ಎಲ್ಲ ನನ್ನದೇ. ಇದನ್ನು ಮಾಡುತ್ತೇನೆ ಅಂದಾಗ ಊರಿನವರಿಂದ ಹಿಡಿದು ಇಲ್ಲಿಯವರ ತನಕ ಬಹಳ ಜನ ಕೇಳುವುದು ಒಂದೇ: "ಹಳೇ ಪಾಪ್ ಹಾಡುಗಳನ್ನ ಸ್ಯಾಕ್ಸೋಫೋನ್‌ನಲ್ಲಿ ಊದ್ತಾರಲ್ಲ, ಅದೇ ಅಲ್ವಾ?"

ಅವರು ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಮುಚ್ಚುವ ಮುಂಚಿನ ಹತ್ತು ವರ್ಷ ಈ ಸಂಗೀತದ ಎಫ್‌ಎಂ ಸ್ಟೇಷನ್‌ಗಳು ಕೇಳಿಸಿದ್ದೇ ಅದನ್ನು. ಆದರೆ ಈ ಸಂಗೀತ ಶುರುವಾಗಿದ್ದು ಹಾಗಲ್ಲ.

1987ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ದಿ ವೇವ್' ಅನ್ನುವ ಕೆಟಿಡಬ್ಲ್ಯೂವಿ ಸ್ಟೇಷನ್ ಹುಟ್ಟಿತು. ಅದೇ ವರ್ಷ ಶಿಕಾಗೋದಲ್ಲಿ ಡಬ್ಲ್ಯೂಎನ್‌ಯುಎ, ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಕೆಎಸ್‌ಎಫ್. ದಿ ವೇವ್‌ನಲ್ಲಿ ಮೊದಮೊದಲು ಅನೌನ್ಸರ್‌ಗಳೇ ಇರಲಿಲ್ಲ. ನ್ಯೂ ಏಜ್, ಜಾಝ್, ಮೆದುವಾದ ರಾಕ್, ಎಲ್ಲ ಬೆರೆಸಿ ಹಾಕುತ್ತಿದ್ದರು. ಕೆಕೆಎಸ್‌ಎಫ್ ತನ್ನ ಕೇಳುಗರಿಗಾಗಿ ಸಂಗ್ರಹದ ಸಿಡಿಗಳನ್ನು ತಂದು, ಬಂದ ಹಣವನ್ನು ಏಡ್ಸ್ ರೋಗಿಗಳ ನೆರವಿಗೆ ಕೊಡುತ್ತಿತ್ತು. ನಾನು ಈ ಊರಿಗೆ ಬಂದ ಹೊಸತರಲ್ಲಿ ಆಫೀಸಿನಿಂದ ಮನೆಗೆ ಬರುವಾಗ ಅವರ 103.7 ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಆ ಸಿಡಿಗಳಲ್ಲಿ ಕೆಲವು ಇವತ್ತಿಗೂ ನನ್ನ ಹತ್ತಿರ ಇವೆ. ಅದರಲ್ಲಿರುವ ಎಷ್ಟೋ ಹೆಸರು ಆಮೇಲೆ ರೇಡಿಯೋದಲ್ಲಿ ಕೇಳಲೇ ಇಲ್ಲ.

ಯಾಕೆ ಕೇಳಲಿಲ್ಲ ಅನ್ನುವುದಕ್ಕೆ ಮುಖ್ಯ ಕಾರಣ ಪರೀಕ್ಷೆ. ಸ್ಟೇಷನ್‌ಗಳು ಬ್ರಾಡ್‌ಕಾಸ್ಟ್ ಆರ್ಕಿಟೆಕ್ಚರ್‌ನಂಥ ಸಂಶೋಧನಾ ಕಂಪನಿಗಳ ಸಲಹೆ ತೆಗೆದುಕೊಳ್ಳುತ್ತಿದ್ದವು. ಕೇಳುಗರನ್ನು ಒಂದು ಹಾಲ್‌ನಲ್ಲಿ ಕೂರಿಸಿ, ಪ್ರತಿ ಟ್ರ್ಯಾಕ್‌ನ ಕೆಲವೇ ಸೆಕೆಂಡು ಕೇಳಿಸುತ್ತಾರೆ. ಇಷ್ಟವಾದರೆ ಕೈಯಲ್ಲಿರುವ ಡಯಲ್ ಮೇಲೆ ತಿರುಗಿಸಬೇಕು, ಇಲ್ಲದಿದ್ದರೆ ಕೆಳಗೆ. ಮಾತಿರುವ ಹಾಡಾದರೆ ದನಿಯಿಂದಲೋ ಒಂದು ಸಾಲಿನಿಂದಲೋ ಬೇಗ ಗುರುತು ಸಿಗುತ್ತದೆ. ಬರೀ ವಾದ್ಯ ಇದ್ದಾಗ? ಹೊಸ ಟ್ಯೂನ್ ಒಂದು ಅಷ್ಟು ಚಿಕ್ಕ ತುಣುಕಿನಲ್ಲಿ ಮನಸ್ಸಿಗೆ ಹತ್ತುವುದು ಕಷ್ಟ. ಅದೇ ಸ್ಯಾಕ್ಸ್‌ನಲ್ಲಿ ಎಲ್ಲರಿಗೂ ಬಾಯಿಪಾಠವಾದ ಹಾಡೊಂದನ್ನು ನುಡಿಸಿದರೆ ಡಯಲ್ ತಾನಾಗಿ ಮೇಲೆ ಹೋಗುತ್ತದೆ. ಈ ಸುದ್ದಿ ರೆಕಾರ್ಡ್ ಕಂಪನಿಗಳಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಆಲ್ಬಮ್‌ನಲ್ಲಿ ಒಂದಾದರೂ ಕವರ್, ಅಂದರೆ ಬೇರೆಯವರ ಹಳೇ ಹಾಡನ್ನು ಮತ್ತೆ ನುಡಿಸಿದ್ದು, ಇರಲಿ, ರೇಡಿಯೋಗೆ ಅದನ್ನೇ ಕಳಿಸೋಣ ಅನ್ನುವುದು ವಾಡಿಕೆಯಾಯಿತು.

ನನಗೆ ನೋವಾಗುವುದು ಇಲ್ಲೇ. ಈ ಸಂಗೀತಕ್ಕೆ ಜನರನ್ನು ತಂದ ಟ್ಯೂನ್‌ಗಳನ್ನು ನೋಡಿ. ಚಕ್ ಮ್ಯಾಂಜಿಯೋನಿಯ 'ಫೀಲ್ಸ್ ಸೋ ಗುಡ್' 1978ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 4ನೇ ಜಾಗಕ್ಕೆ ಬಂತು. ಅವರೇ ಬರೆದದ್ದು. ಸ್ಯಾಕ್ಸೋಫೋನಿಸ್ಟ್ ಕೆನ್ನಿ ಜಿ ಅವರ 'ಸಾಂಗ್‌ಬರ್ಡ್' 1987ರಲ್ಲಿ ಅದೇ 4ನೇ ಜಾಗಕ್ಕೆ ಏರಿತು, ಅದೂ ಸ್ವಂತದ್ದು. ಗಿಟಾರಿಸ್ಟ್ ಜಾರ್ಜ್ ಬೆನ್ಸನ್ 1976ರಲ್ಲಿ ನುಡಿಸಿದ 'ಬ್ರೀಝಿನ್' ಬಾಬಿ ವೊಮ್ಯಾಕ್ ಬರೆದ ಟ್ಯೂನ್. ಗಾಬೋರ್ ಸಾಬೊ ಅನ್ನುವ ಗಿಟಾರಿಸ್ಟ್ ಅದನ್ನು ಮೊದಲೇ ರೆಕಾರ್ಡ್ ಮಾಡಿದ್ದರು. ಆದರೆ ಜನ ಅದನ್ನು ಮೆಚ್ಚಿದ್ದು ಹಳೆಯ ಗುರುತಿನಿಂದಲ್ಲ, ಬೆನ್ಸನ್ ಕೈಚಳಕದಿಂದ. ಇವು ಯಾವುವೂ ಕೇಳುಗರಿಗೆ ಮೊದಲೇ ಗೊತ್ತಿದ್ದ ಹಾಡುಗಳಲ್ಲ. 2000ದ ಹೊತ್ತಿನ ಡಯಲ್ ಪರೀಕ್ಷೆಗೆ ಹೊಸದಾಗಿ ಕೂರಿಸಿದ್ದರೆ ಇವೆಲ್ಲ ಪಾಸಾಗುತ್ತಿದ್ದವು ಅಂತ ನನಗೆ ಅನ್ನಿಸುವುದಿಲ್ಲ.

ಸ್ಟೇಷನ್‌ಗಳು ಮುಚ್ಚಲು ಕವರ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಬಂದ ಮೇಲೆ ಒಂದು ಕಂಪನಿ ದೇಶದಲ್ಲಿ ಎಷ್ಟು ಸ್ಟೇಷನ್ ಬೇಕಾದರೂ ಕೊಳ್ಳಬಹುದಿತ್ತು. ಊರೂರಿನ ಸ್ಟೇಷನ್ ಹಾಕುವ ಹಾಡುಗಳ ಪಟ್ಟಿಯೂ ಒಂದೇ ತರ ಆಯಿತು. ಜಾಹೀರಾತು ಕೊಡುವವರಿಗೆ ಬೇಕಾಗಿದ್ದು 25ರಿಂದ 54 ವರ್ಷದವರು, ಇದನ್ನು ಕೇಳುವವರಿಗೋ ವಯಸ್ಸಾಗುತ್ತಾ ಬಂತು. ಅಷ್ಟರಲ್ಲಿ ಯಾರು ಎಷ್ಟು ಹೊತ್ತು ಕೇಳಿದರು ಅಂತ ಅಳೆಯುವ ಮೀಟರ್ ಬಂತು. ಮುಂಚೆ ಕೇಳುಗರು ಡೈರಿಯಲ್ಲಿ ಬರೆದುಕೊಡುತ್ತಿದ್ದರು. ಆಫೀಸಿನಲ್ಲಿ ದಿನವಿಡೀ ಮೆಲ್ಲಗೆ ರೇಡಿಯೋ ಹಾಕಿಟ್ಟವರು 'ಬೆಳಿಗ್ಗೆ 9ರಿಂದ ಸಂಜೆ 5' ಅಂತ ಬರೆದರೆ ಅಷ್ಟೂ ಗಂಟೆ ಲೆಕ್ಕಕ್ಕೆ ಸೇರುತ್ತಿತ್ತು. ಆರ್ಬಿಟ್ರಾನ್ ಕಂಪನಿ 2007ರಲ್ಲಿ ಫಿಲಡೆಲ್ಫಿಯಾ ಮತ್ತು ಹ್ಯೂಸ್ಟನ್‌ನಲ್ಲಿ ಪೇಜರ್‌ನಂಥ ಪಿಪಿಎಂ ಮೀಟರ್ ಜಾರಿಗೆ ತಂದಿತು. ಅದು ಕಿವಿಗೆ ಬಿದ್ದ ನಿಮಿಷಗಳನ್ನು ಮಾತ್ರ ಎಣಿಸುತ್ತದೆ. ಸ್ಟೇಷನ್ ತನ್ನ ದನಿಯೊಳಗೆ ಒಂದು ಗುಪ್ತ ಸಂಕೇತ ಸೇರಿಸುತ್ತದೆ, ಮೀಟರ್ ಅದನ್ನು ಹಿಡಿಯಬೇಕು. ಸಂಗೀತ ಮೆತ್ತಗಿದ್ದಷ್ಟೂ ಆ ಸಂಕೇತಕ್ಕೆ ಅಡಗಲು ಜಾಗ ಕಡಿಮೆ, ಹಾಗಾಗಿ ಸ್ಮೂತ್ ಜಾಝ್‌ಗೆ ಅನ್ಯಾಯ ಆಗುತ್ತಿದೆ ಅನ್ನುವ ವಾದ ರೇಡಿಯೋದವರಲ್ಲೇ ಎದ್ದಿತು. ಅಂತೂ ಅಂಕಿಗಳು ಕುಸಿದವು.

ಆಮೇಲೆ ಒಂದರ ಹಿಂದೆ ಒಂದು. ನ್ಯೂಯಾರ್ಕ್‌ನ ಸಿಡಿ 101.9 ಅನ್ನುವ ಸ್ಟೇಷನ್ ಫೆಬ್ರವರಿ 2008ರಲ್ಲಿ ರಾಕ್ ಆಯಿತು. ಫಿಲಡೆಲ್ಫಿಯಾದ ಡಬ್ಲ್ಯೂಜೆಜೆಝಡ್ ಅದೇ ವರ್ಷ ನಿಂತಿತು. ಮೇ 2009ರಲ್ಲಿ ಕೆಕೆಎಸ್‌ಎಫ್ ಕ್ಲಾಸಿಕ್ ರಾಕ್‌ಗೆ ತಿರುಗಿತು, ಅದೇ ತಿಂಗಳು ಡಬ್ಲ್ಯೂಎನ್‌ಯುಎ ಸ್ಪ್ಯಾನಿಷ್‌ಗೆ. ದಿ ವೇವ್ ಉಳಿಯಿತು, ಆದರೆ ಗಾಯಕರ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಕಡೆ ವಾಲಿತು. ಕವರ್ ಜಾಸ್ತಿಯಾದ ಕಾಲದಲ್ಲೇ ಹೀಗಾಯಿತು ಅನ್ನುವುದನ್ನು ನಾನು ಕಾಕತಾಳೀಯ ಅಂದುಕೊಂಡಿಲ್ಲ. ಕಷ್ಟದ ಕಾಲದಲ್ಲಿ ಜಗಳ ಮಾಡಿಯಾದರೂ ಉಳಿಸಿಕೊಳ್ಳುವ ಕೇಳುಗರು ಬೇಕಿತ್ತು. ಗುರುತಿನ ಟ್ಯೂನ್ ಕೇಳಿ ತಲೆದೂಗುವವರು ಬೇರೆ, ಒಬ್ಬ ನುಡಿಸುವವನನ್ನು ಹುಡುಕಿಕೊಂಡು ಬರುವವರು ಬೇರೆ.

ಹಾಗಂತ ಕವರ್ ಕೆಟ್ಟದ್ದಲ್ಲ. ಜಾಝ್ ಸ್ಯಾಕ್ಸೋಫೋನಿಸ್ಟ್ ಜಾನ್ ಕೋಲ್ಟ್ರೇನ್ 1961ರಲ್ಲಿ 'ಮೈ ಫೇವರಿಟ್ ಥಿಂಗ್ಸ್' ತಂದರು. ಬ್ರಾಡ್‌ವೇ ನಾಟಕದ ಹಾಡು ಅದು, ಸುಮಾರು 14 ನಿಮಿಷ ನುಡಿಸಿದರು. ನಾನು ಚಿಕ್ಕವನಿದ್ದಾಗ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಕಛೇರಿ ಕೇಳಿದವನು. ಅವರು ನುಡಿಸಿದ್ದೂ ಎಲ್ಲರಿಗೂ ಗೊತ್ತಿದ್ದ ಕೀರ್ತನೆಗಳೇ. ಕಾಪಿ ಅಂತ ಯಾರೂ ಅನ್ನಲಿಲ್ಲ. ಜನ ಕಾಯುತ್ತಿದ್ದುದು ಆಲಾಪನೆಗೆ, ಕಲ್ಪನಾಸ್ವರಕ್ಕೆ. ಕೀರ್ತನೆ ಗೊತ್ತಿದ್ದರೆ ಅವರು ಎಲ್ಲಿಗೆ ಹೋಗಿ ಹೇಗೆ ವಾಪಸ್ ಬಂದರು ಅನ್ನುವುದು ಇನ್ನೂ ಚೆನ್ನಾಗಿ ಕಾಣುತ್ತದೆ. ಎಫ್‌ಎಂಗೆ ಹೋದ ಕವರ್‌ಗಳಲ್ಲಿ ಕತ್ತರಿ ಬಿದ್ದದ್ದು ಈ ಭಾಗಕ್ಕೇ. ನಾಲ್ಕು ನಿಮಿಷದ ರೇಡಿಯೋ ಎಡಿಟ್‌ನಲ್ಲಿ ಮೊದಲು ಹೋಗುವುದು ಸೋಲೋ, ಅಂದರೆ ಒಬ್ಬರೇ ಟ್ಯೂನ್ ಬಿಟ್ಟು ತಮ್ಮ ಕಲ್ಪನೆಯಿಂದ ನುಡಿಸುವ ಭಾಗ.

ಆದ್ದರಿಂದ ನಾನು ಟ್ರ್ಯಾಕ್ ಆರಿಸುವಾಗ ಕವರ್ ಹೌದೋ ಅಲ್ಲವೋ ಅಂತ ನೋಡುವುದಿಲ್ಲ. ಟ್ಯೂನ್ ಒಂದು ಸುತ್ತು ಮುಗಿದ ಮೇಲೆ ಏನಾಗುತ್ತದೆ ಅಂತ ನೋಡುತ್ತೇನೆ. ಅದೇ ಟ್ಯೂನ್ ಮತ್ತೆ ಬಂದು, ತುದಿಯಲ್ಲಿ ಒಂದೆರಡು ಗಮಕದಂಥ ಅಲಂಕಾರ ಮಾತ್ರ ಸೇರಿದ್ದರೆ ಪಕ್ಕಕ್ಕಿಡುತ್ತೇನೆ. ನುಡಿಸುವವರು ಟ್ಯೂನ್ ಬಿಟ್ಟು ಹೊರಟರೆ ಇಟ್ಟುಕೊಳ್ಳುತ್ತೇನೆ. ಒಂದು ಟ್ರ್ಯಾಕ್‌ಗೆ ಎಡಿಟ್ ಮತ್ತು ಪೂರ್ತಿ ಆಲ್ಬಮ್ ರೂಪ ಎರಡೂ ಇದ್ದರೆ ಯಾವತ್ತೂ ಪೂರ್ತಿಯದ್ದೇ ಹಾಕುತ್ತೇನೆ.

ಇನ್ನೊಂದು ವಿಷಯ ಫೇಡ್ ಔಟ್. ಈ ಸಂಗೀತದ ಎಷ್ಟೋ ರೆಕಾರ್ಡಿಂಗ್‌ಗಳು ದನಿ ನಿಧಾನಕ್ಕೆ ಇಳಿದು ಮುಗಿಯುತ್ತವೆ. ಸ್ಟೇಷನ್‌ಗಳು ಅಲ್ಲಿಗೇ ಮುಂದಿನದನ್ನು ಹತ್ತಿಸಿಬಿಡುತ್ತಿದ್ದವು. ಆದರೆ ಗಮನವಿಟ್ಟು ಕೇಳಿ, ಟ್ಯೂನಿನ ಜವಾಬ್ದಾರಿ ಕಳೆದು ಸ್ಯಾಕ್ಸ್‌ನವರು ಬಿಡುಗಡೆಯಾಗುವುದು ಬಹಳ ಸಲ ಆ ಕೊನೆಯ ಅರ್ಧ ನಿಮಿಷದಲ್ಲೇ. ನಮ್ಮ ಸಾಫ್ಟ್‌ವೇರ್ ದನಿ ಇಳಿದ ಕೂಡಲೇ ತಾನಾಗಿ ಮುಂದಿನ ಟ್ರ್ಯಾಕ್‌ಗೆ ಹಾರುತ್ತದೆ. ಆ ಸೌಲಭ್ಯವನ್ನು ಆಫ್ ಮಾಡಿ, ಪ್ರತಿ ಟ್ರ್ಯಾಕ್‌ನ ಕೊನೆಯನ್ನು ಕೈಯಾರೆ ಗುರುತು ಹಾಕುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಜೋಡಿಸುವಾಗ ಗುರುತಿನದಕ್ಕೆ ಅಂಟಿಕೊಂಡಂತೆ ಗುರುತಿಲ್ಲದ್ದನ್ನು ಇಡುತ್ತೇನೆ, ಮಧ್ಯೆ ಮಾತಿಲ್ಲ. ಹೆಸರಾಂತ ಸ್ಯಾಕ್ಸೋಫೋನಿಸ್ಟ್ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಆದಮೇಲೆ ಹೆಸರೇ ಕೇಳದ ಹುಡುಗಿಯೊಬ್ಬಳ ಸ್ವಂತ ಟ್ಯೂನ್, ಸುಮಾರು ಅದೇ ವೇಗದ್ದು. ಕಿವಿ ಆಗಲೇ ತೆರೆದಿರುತ್ತದೆ. ಎರಡೂ ಮುಗಿದ ಮೇಲೆ ನುಡಿಸಿದವರು, ಬರೆದವರು, ಸಾಧ್ಯವಾದರೆ ಬೇಸ್ ಮತ್ತು ಡ್ರಮ್ಸ್‌ನವರು, ಎಲ್ಲರ ಹೆಸರು ಹೇಳುತ್ತೇನೆ. ಎಷ್ಟು ಜನ ಕೇಳುತ್ತಿದ್ದಾರೆ ಅನ್ನುವ ಗ್ರಾಫ್ ನಮ್ಮ ಸರ್ವರ್‌ನಲ್ಲೂ ಕಾಣುತ್ತದೆ. ಕಾರ್ಯಕ್ರಮ ನಡೆಯುವಾಗ ಅದನ್ನು ಮುಚ್ಚಿಡುತ್ತೇನೆ. ಮನೆ ತಲುಪಿ ಕಾರು ಆಫ್ ಮಾಡಿದವರು ಯಾರು, ಬೇಸರವಾಗಿ ಹೋದವರು ಯಾರು ಅಂತ ಆ ಗೆರೆ ಹೇಳುವುದಿಲ್ಲ.

ಅಮೆರಿಕದಲ್ಲಿ ಆನ್‌ಲೈನ್ ರೇಡಿಯೋಗೆ ಲೈಸೆನ್ಸ್‌ನ ಕಟ್ಟುಪಾಡುಗಳಿವೆ. ಮೂರು ಗಂಟೆಯ ಅವಧಿಯಲ್ಲಿ ಒಂದೇ ಆಲ್ಬಮ್‌ನಿಂದ ಮೂರಕ್ಕಿಂತ, ಒಬ್ಬರೇ ಕಲಾವಿದರದು ನಾಲ್ಕಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಕೆಲವರಿಗೆ ಇದು ಕಿರಿಕಿರಿ. ನನಗೆ ಒಳ್ಳೆಯದೇ ಆಯಿತು, ಹೊಸಬರನ್ನು ಹುಡುಕಲೇಬೇಕಾಗುತ್ತದೆ.

ಹಣದ ವಿಷಯ ಎಲ್ಲರೂ ತಿಳಿಯಬೇಕು. ಇಲ್ಲಿಯ ಎಫ್‌ಎಂ, ಎಎಂ ರೇಡಿಯೋ ರಾಯಲ್ಟಿ ಕೊಡುವುದು ಹಾಡು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ. ನುಡಿಸಿದವರಿಗೆ ಏನೂ ಇಲ್ಲ. ಅಂದರೆ ಸ್ಯಾಕ್ಸೋಫೋನಿಸ್ಟ್ ಒಬ್ಬರ ಕವರ್ ಊರೆಲ್ಲ ಕೇಳಿಸಿದರೂ, ಆ ಪ್ರಸಾರದಿಂದ ಅವರಿಗೆ ಒಂದು ಸೆಂಟ್ ಬರುತ್ತಿರಲಿಲ್ಲ. ಸ್ವಂತ ಟ್ಯೂನ್ ಆಗಿದ್ದರೆ ಬರೆದವರ ಪಾಲಾದರೂ ಸಿಗುತ್ತಿತ್ತು. ರೇಡಿಯೋಗೆ ಹೋಗಲು ಕವರ್ ಮಾಡು ಅಂದವರು ಅವರ ಕೈಯಿಂದ ಆ ಪಾಲನ್ನೂ ಬಿಡಿಸಿದರು. ಆನ್‌ಲೈನ್‌ನಲ್ಲಿ ಹಾಗಲ್ಲ. ಈ ರಾಯಲ್ಟಿ ಸಂಗ್ರಹಿಸಿ ಹಂಚುವ ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆಯ ಮೂಲಕ ಹೋಗುವ ಹಣದಲ್ಲಿ ಶೇ. 50 ರೆಕಾರ್ಡಿಂಗ್‌ನ ಮಾಲೀಕರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಜೊತೆಗೆ ನುಡಿಸಿದವರಿಗೆ. ನಮ್ಮಂಥ ಸಣ್ಣ ಸ್ಟೇಷನ್‌ನಿಂದ ಹೋಗುವುದು ಚಿಲ್ಲರೆ ಕಾಸು. ಆದರೂ ಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ಅದು ಸರಿಯಾದವರಿಗೆ ಮುಟ್ಟದೇ ಹೋಗಬಹುದು. ಹಾಗಾಗಿ ಕಲಾವಿದರು, ಟ್ರ್ಯಾಕ್, ಆಲ್ಬಮ್, ಲೇಬಲ್ ಎಲ್ಲವನ್ನೂ ಎರಡೆರಡು ಸಲ ನೋಡಿಯೇ ಕಳಿಸುತ್ತೇನೆ.

ಈಗ ಸ್ವಂತ ಖರ್ಚಿನಲ್ಲಿ ರೆಕಾರ್ಡ್ ಮಾಡುವ ಹುಡುಗರು ನನಗೆ ನೇರವಾಗಿ ಫೈಲ್ ಕಳಿಸುತ್ತಾರೆ. ಬಹಳಷ್ಟು ಜನ ಮೊದಲು ಕಳಿಸುವುದು ಕವರ್, ಅದೂ ಕತ್ತರಿಸಿದ ಎಡಿಟ್. ರೇಡಿಯೋಗೆ ಅದೇ ಬೇಕು ಅಂತ ಅವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ನಾನು ಉತ್ತರದಲ್ಲಿ ಕೇಳುವುದು ಎರಡು: ಕವರ್ ಆದರೆ ಸೋಲೋ ಪೂರ್ತಿ ಇರುವುದನ್ನು ಕಳಿಸಿ. ಜೊತೆಗೆ, ಆಲ್ಬಮ್‌ನಲ್ಲಿ ನೀವೇ ಬರೆದದ್ದರಲ್ಲಿ ನಿಮಗೆ ತುಂಬ ಇಷ್ಟವಾದದ್ದನ್ನೂ ಕಳಿಸಿ, ಆರು ನಿಮಿಷ ಇದ್ದರೂ ಪರವಾಗಿಲ್ಲ.